ಓದುಗರ ಸ್ಪಂದನ: ಅತಿಥಿ ಶಿಕ್ಷಕಿಯಾಗಿ ಇನ್ನೆಷ್ಟು ವರ್ಷ?

ಕೊಪ್ಪಳ ಜಿಲ್ಲೆಯ 28 ವರ್ಷದ ಓದುಗರೊಬ್ಬರು ಕಳೆದ ವಾರ ಬರೆದಿದ್ದರು: ಬಿ.ಇಡಿ ಆಗಿದೆ, ಶಿಕ್ಷಕರ ಅರ್ಹತಾ ಪರೀಕ್ಷೆ (ಟಿಇಟಿ) ಪಾಸಾಗಿದೆ, ನಾಲ್ಕು ವರ್ಷದಿಂದ ಸರ್ಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಕಾಯಂ ನೇಮಕಾತಿಗೆ ಕಾಯಲೋ, ಮನೆಯವರು ಹೇಳಿದಂತೆ ಬೇರೆ ಕೆಲಸ ಹುಡುಕಲೋ? ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. 2022ರಲ್ಲಿ 6ರಿಂದ 8ನೇ ತರಗತಿಗೆ 15,000 ಪದವೀಧರ ಶಿಕ್ಷಕರ ಹುದ್ದೆಗೆ ಅರ್ಜಿ ಕರೆದಾಗ ನನ್ನ ಮಗುವಿಗೆ ಎಂಟು ತಿಂಗಳು. ಅದನ್ನು ಅಮ್ಮನ ಮಡಿಲಿಗೆ ಹಾಕಿ ಓದಿದೆ, ಮೇ ತಿಂಗಳಲ್ಲಿ ಪರೀಕ್ಷೆ ಬರೆದೆ, ಚೆನ್ನಾಗಿಯೇ ಬರೆದಿದ್ದೆ. ಜಾತಿ-ಆದಾಯ ಪ್ರಮಾಣಪತ್ರ ಅಪ್ಪನ ಹೆಸರಿನದು ಕೊಟ್ಟಿದ್ದೆ, ಯಾಕಂದ್ರೆ ಕಚೇರಿಯಲ್ಲಿ ಕೇಳಿದಾಗ ಅದೇ ಸಾಕು ಅಂದಿದ್ದರು. ನವೆಂಬರ್‌ನಲ್ಲಿ ತಾತ್ಕಾಲಿಕ ಆಯ್ಕೆ ಪಟ್ಟಿ ಬಂತು. ಮದುವೆಯಾದವರು ಗಂಡನ ಆದಾಯದ್ದೇ ಕೊಡಬೇಕಿತ್ತಂತೆ. ಮೀಸಲಾತಿ ಹೋಯಿತು, ನನ್ನ ಹೆಸರೂ ಹೋಯಿತು. ಆಮೇಲೆ ಹೈಕೋರ್ಟಿನಲ್ಲಿ ಕೇಸು, ಪಟ್ಟಿ ರದ್ದು, ಮೇಲ್ಮನವಿ. ಆಯ್ಕೆಯಾದವರಿಗೂ ಆದೇಶ ಸಿಗುವಷ್ಟರಲ್ಲಿ 2023 ಮುಗಿಯುತ್ತ ಬಂದಿತ್ತು. ನನಗೆ ಸಿಗಲೇ ಇಲ್ಲ. ಈಗ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಪಕ್ಕದ ಶಾಲೆಯ ಗಂಟೆ ಕೇಳಿದರೆ ಇವತ್ತಿಗೂ ಕೈಲಿದ್ದ ಕೆಲಸ ನಿಂತುಬಿಡುತ್ತದೆ. ಕಾಯಿರಿ ಅಂತಲೂ ಬಿಡಿ ಅಂತಲೂ ಹೇಳಲಾರೆ. ಮದುವೆಯ ಮಾತು ನಡೆದಿದ್ದರೆ, ಯಾರ ಪ್ರಮಾಣಪತ್ರ ಬೇಕು ಅಂತ ಅರ್ಜಿಗೆ ಮುಂಚೆಯೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ಬಾಯಿಮಾತು ನಂಬಬೇಡಿ.
– ಗೃಹಿಣಿ, ಹಾವೇರಿ

ಬೇರೆಯದೇ ದನಿಯ ಪತ್ರವೂ ಬಂದಿದೆ.

ಬಿಟ್ಟುಬಿಡಿ. 2025ರ ಬಜೆಟ್‌ನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000. ಅದೂ ವರ್ಷವಿಡೀ ಇಲ್ಲ. ಅಷ್ಟಕ್ಕೇ ಪಾಠ ನಡೆಯುತ್ತಿದ್ದರೆ ಖಾಲಿ ಹುದ್ದೆ ಯಾಕೆ ತುಂಬುತ್ತಾರೆ?
– ಬ್ಯಾಂಕ್ ನೌಕರ, ದಾವಣಗೆರೆ

ಸಿಟ್ಟು ಅರ್ಥವಾಗುತ್ತದೆ. ಟಿಇಟಿ ಪ್ರಮಾಣಪತ್ರಕ್ಕೆ 2021ರಿಂದ ಜೀವಮಾನದ ಮಾನ್ಯತೆ ಇದೆ ಎಂದಷ್ಟೇ ನೆನಪಿಸುತ್ತೇವೆ. ಬೇರೆ ಕೆಲಸಕ್ಕೆ ಸೇರಿದರೂ ವಯೋಮಿತಿಯೊಳಗೆ ಅರ್ಜಿ ಹಾಕಬಹುದು. ಇನ್ನು ಕಾಯಂ ಶಿಕ್ಷಕಿಯೊಬ್ಬರ ಪತ್ರ.

ಕಾಯಂ ಆದರೆ ಎಲ್ಲ ಸರಿಹೋಗುತ್ತೆ ಅಂದುಕೊಂಡಿದ್ದೀರಿ, ಅಲ್ವಾ? ನಾನು ಕಾಯಂ ಆಗಿ ಹದಿನಾರು ವರ್ಷ ಆಯಿತು. 2006ರ ಏಪ್ರಿಲ್‌ನಿಂದ ಸೇರಿದವರಿಗೆ ಹಳೆ ಪಿಂಚಣಿ ಇಲ್ಲ, ಅದಿರಲಿ. ನಮ್ಮದು ಐದು ತರಗತಿಗೆ ಇಬ್ಬರು ಶಿಕ್ಷಕರ ಶಾಲೆ. ಹಾಲಿನ ಲೆಕ್ಕ, ಮೊಟ್ಟೆ ಲೆಕ್ಕ, ಆನ್‌ಲೈನ್ ಹಾಜರಾತಿ, ಅದಕ್ಕೆ ನೆಟ್‌ವರ್ಕ್ ಹುಡುಕಿಕೊಂಡು ಜಗಲಿ ಮೇಲೆ ನಿಲ್ಲಬೇಕು. ಒಬ್ಬರು ಮತದಾರರ ಪಟ್ಟಿ ಕೆಲಸಕ್ಕೆ ಹೋದರೆ ಐದೂ ತರಗತಿ ಇನ್ನೊಬ್ಬರ ತಲೆಗೆ. 2025ರ ದಸರಾ ರಜೆಯಲ್ಲಿ ಜಾತಿ ಸಮೀಕ್ಷೆಗೆ ಮನೆಮನೆ ತಿರುಗಿದೆವು. ಪಾಠ ಮಾಡಕ್ಕೆ ಬಿಟ್ಟರೆ ಇದಕ್ಕಿಂತ ಒಳ್ಳೆ ಕೆಲಸ ನನಗೆ ಗೊತ್ತಿಲ್ಲ. ಬಿಡುವುದೇ ಕಡಿಮೆ.
– ಪ್ರಾಥಮಿಕ ಶಾಲಾ ಶಿಕ್ಷಕಿ, ತೀರ್ಥಹಳ್ಳಿ

ಕೊನೆಯದು ಒಬ್ಬ ತಂದೆಯ ಪತ್ರ. ನಾವು ಎರಡು ಸಲ ಓದಿದೆವು.

ನಮ್ಮೂರ ಶಾಲೆಯಲ್ಲಿ ಗಣಿತ ಹೇಳುವುದು ಅತಿಥಿ ಟೀಚರೇ. ಮಗಳು ಭಾಗಾಕಾರ ಕಲಿತದ್ದು ಅವರಿಂದ. ಹೋದ ವರ್ಷ ಶಾಲೆ ಶುರುವಾದಾಗ ಅವರಿಗೆ ಆದೇಶ ಬಂದಿರಲಿಲ್ಲ. ಊರವರು ಸೇರಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿಂದ (ಎಸ್‌ಡಿಎಂಸಿ) ಪತ್ರ ಬರೆದೆವು, ಜುಲೈಗೆ ಬಂದರು. ನಿಮ್ಮ ಶಾಲೆಯ ಎಸ್‌ಡಿಎಂಸಿಯವರಿಗೆ ನಿಮ್ಮ ಕಷ್ಟ ಗೊತ್ತಾ? ಬಿಡುವ ಮುಂಚೆ ಒಂದ್ಸಲ ಅವರ ಹತ್ತಿರ ಮಾತಾಡಿ.
– ರೈತ, ಸಿಂಧನೂರು