ಕ್ವೀನ್ ಆಂಥೂರಿಯಂ: ಹೊಸ ಎಲೆ ಹರಿದು ಬರುತ್ತಿದೆ, ಕೆಳಗಿನ ಎಲೆಗಳು ಹಳದಿ

ಬಾಲ್ಕನಿತೋಟ (ಬೆಂಗಳೂರು):
ಆಂಥೂರಿಯಂ ವರೊಕ್ವಿಯಾನಮ್ ಗಿಡ. ಹೊಸ ಎಲೆ ಮುರುಟಿಕೊಂಡು, ಅಂಚು ಹರಿದು ಬರುತ್ತಿದೆ. ಕೆಳಗಿನ ಎರಡು ಎಲೆ ಹಳದಿ. ಆರು ಇಂಚಿನ ಕುಂಡ, ನರ್ಸರಿಯ ಕೊಕೊಪೀಟ್‌ನಲ್ಲೇ ಇದೆ. ನೀರು ಹಾಕಿ ವಾರವಾದರೂ ಒಳಗೆ ಒದ್ದೆ. ಬೋರ್‌ವೆಲ್ ನೀರು, ಟಿಡಿಎಸ್ (ಕರಗಿದ ಲವಣಾಂಶ) 650. ಮಧ್ಯಾಹ್ನ ಆರ್ದ್ರತೆ ಶೇ. 35, ಹಾಗಾಗಿ ಎಲೆಗೆ ನೀರು ಸಿಂಪಡಿಸುತ್ತೇನೆ. ಗೊಬ್ಬರ 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು). ಕ್ಯಾಲ್ಸಿಯಂ ಕೊರತೆಯೇ?

ಎಲೆಹಸಿರು:
ಕೊರತೆ ಇರಬಹುದು, ಆದರೆ ಮೂಲ ಬೇರಿನಲ್ಲಿದೆ. ಕ್ಯಾಲ್ಸಿಯಂ ನೀರಿನ ಜೊತೆಗೇ ಮೇಲೇರುತ್ತದೆ, ಹಳೆಯ ಎಲೆಯಿಂದ ಹೊಸದಕ್ಕೆ ಹೋಗುವುದಿಲ್ಲ. ಬೇರು ಕೊಳೆತಿದ್ದರೆ ಎಷ್ಟು ಹಾಕಿದರೂ ಚಿಗುರಿಗೆ ತಲುಪದು. ಕೊಲಂಬಿಯಾದ ಮಳೆಕಾಡಿನಲ್ಲಿ ಇದು ಮರದ ಮೇಲೆ ಬೆಳೆಯುವ ಗಿಡ. ನಮ್ಮ ಕೆಸುವಿನ ಕುಟುಂಬದ್ದೇ ಆದರೂ ಕೆಸುವಿನಂತೆ ಕೆಸರನ್ನು ತಡೆಯದು. ಬೇರಿಗೆ ತೇವದಷ್ಟೇ ಗಾಳಿಯೂ ಬೇಕು.

ಗಿಡ ತೆಗೆದು ಬೇರು ಒತ್ತಿ ನೋಡಿ. ಗಟ್ಟಿಯಾಗಿ ಬಿಳಿಚಿಕೊಂಡಿದ್ದರೆ ಚೆನ್ನಾಗಿದೆ. ಕಂದಾಗಿ ಮೆತ್ತಗಾಗಿ, ಎಳೆದಾಗ ಸಿಪ್ಪೆ ಜಾರಿ ಒಳಗಿನ ದಾರ ಮಾತ್ರ ಉಳಿದರೆ ಕೊಳೆತಿದೆ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ.

ಹೊಸ ಮಿಶ್ರಣ: 1ರಿಂದ 1.5 ಸೆಂ.ಮೀ. ಗಾತ್ರದ ಪೈನ್ ತೊಗಟೆ 2 ಪಾಲು, ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) 1, ಇದ್ದಿಲಿನ ತುಂಡು 1, ಸ್ಫ್ಯಾಗ್ನಮ್ ಮಾಸ್ (ತೇವ ಹಿಡಿದಿಡುವ ಒಣ ಪಾಚಿ) ಅರ್ಧ ಪಾಲು. ತೊಗಟೆ ಸಿಗದಿದ್ದರೆ ತೆಂಗಿನ ಸಿಪ್ಪೆಯ ತುಂಡು ಆಗುತ್ತದೆ, ಆದರೆ ಅದರಲ್ಲಿ ಸೋಡಿಯಂ, ಪೊಟ್ಯಾಸಿಯಂ ಇರುತ್ತವೆ. ಎರಡು ಮೂರು ಸಲ ನೀರು ಬದಲಿಸಿ ನೆನೆಸಿ, ಆಮೇಲೆ ಲೀಟರಿಗೆ 2 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ಇಟ್ಟು ತೊಳೆಯಿರಿ. ಕುಂಡ ಉಳಿದ ಬೇರಿನ ಗಾತ್ರಕ್ಕೆ ತಕ್ಕಂತಿರಲಿ. ಆರು ಇಂಚು ಬಹುಶಃ ಹೆಚ್ಚಾಯಿತು. ಕಾಂಡದ ಬುಡಕ್ಕೆ ತೇವದ ಮಾಸ್ ಸುತ್ತಿದರೆ ಅಲ್ಲಿಂದ ಹೊಸ ಬೇರು ಹೊರಡುತ್ತದೆ.

ನೀರಿಗೆ ಒಂದು ಪಾಲು ಬೋರ್‌ವೆಲ್, ಮೂರು ಪಾಲು ಆರ್‌ಒ ಬೆರೆಸಿ. ಟಿಡಿಎಸ್ 180ರ ಆಸುಪಾಸಿಗೆ ಇಳಿಯುತ್ತದೆ. ಮಳೆನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಮಲೆನಾಡಗಿಡ:
ಸಿಂಪಡಿಸುವುದನ್ನು ನಿಲ್ಲಿಸಿ. ಆ ತೇವ ಕೆಲವೇ ನಿಮಿಷ ನಿಲ್ಲುತ್ತದೆ, ಒದ್ದೆ ಎಲೆ ಮಾತ್ರ ರೋಗಕ್ಕೆ ದಾರಿ. 1980ರ ದಶಕದಲ್ಲಿ ಹವಾಯಿಯ ಆಂಥೂರಿಯಂ ತೋಟಗಳನ್ನು ಹಾಳುಮಾಡಿದ ಝಾಂತೊಮೊನಾಸ್ ಬ್ಯಾಕ್ಟೀರಿಯಾ ಎಲೆಯಂಚಿನಲ್ಲಿ ಹನಿ ಒಸರುವ ರಂಧ್ರಗಳಿಂದಲೇ ಒಳಹೋಗುತ್ತದೆ. ಅಂಚಿನಲ್ಲಿ ನೀರು ತುಂಬಿದಂಥ ಕಲೆ, ಸುತ್ತ ಹಳದಿ ಬಳೆ ಕಂಡರೆ ಗಿಡವನ್ನು ಉಳಿದವುಗಳಿಂದ ದೂರವಿಡಿ. ಅದಕ್ಕೆ ಔಷಧಿ ಇಲ್ಲ.

ಶೇ. 35 ಆರ್ದ್ರತೆಯಲ್ಲಿ ಎಳೆ ಎಲೆ ತನ್ನನ್ನು ಸುತ್ತಿದ ಪೊರೆಗೆ ಅಂಟಿಕೊಂಡು ಹರಿಯುತ್ತದೆ. ಶೇ. 70ರ ಮೇಲೆ ಬೇಕು. ಹ್ಯೂಮಿಡಿಫೈಯರ್, ಇಲ್ಲವೇ ಗಾಜಿನ ಕಪಾಟು, ಒಳಗೊಂದು ಪುಟ್ಟ ಫ್ಯಾನ್. ನಮ್ಮಲ್ಲಿ ಮಳೆಗಾಲದಲ್ಲಿ ತೇವ ಧಾರಾಳ, ಗಾಳಿ ಆಡದೆ ಗಿಡ ಹೋಗುತ್ತದೆ, ಫ್ಯಾನ್ ಬಿಡಬೇಡಿ.

ಥ್ರಿಪ್ಸ್ ಇದೆಯೇ ಅಂತಲೂ ನೋಡಿ. ಬಿಳಿ ಕಾಗದದ ಮೇಲೆ ಎಲೆ ತಟ್ಟಿದರೆ ಸಣ್ಣ ಕಡ್ಡಿಯಂಥ ಹುಳು ಬೀಳುತ್ತವೆ, ಎಲೆಯ ಮೇಲೆ ಬೆಳ್ಳಿಯಂಥ ಗೀರು ಇರುತ್ತದೆ. ಮಖಮಲ್ ಎಲೆಗೆ ಬೇವಿನೆಣ್ಣೆ ಬೇಡ, ಕಲೆ ಉಳಿಯುತ್ತದೆ.

ಬಾಲ್ಕನಿತೋಟ:
ಥ್ರಿಪ್ಸ್ ಇಲ್ಲ. ಇನ್ನೊಂದು ಎಲೆ ಸುರುಳಿಯಲ್ಲಿದೆ. ಅದು ಬಿಚ್ಚುವವರೆಗೆ ಕಾಯಲೇ?

ಎಲೆಹಸಿರು:
ಬೇರು ಮೆತ್ತಗಿದ್ದರೆ ಕಾಯಬೇಡಿ, ಇಂದೇ ಮಾಡಿ. ಆ ಎಲೆ ಕೆಟ್ಟರೂ ಗಿಡ ಉಳಿಯುತ್ತದೆ. ಪೊರೆಯನ್ನು ಕೈಯಿಂದ ಬಿಡಿಸಬೇಡಿ. ಹಳದಿ ಎಲೆಗಳನ್ನು ಪೂರ್ತಿ ಒಣಗುವವರೆಗೆ ಬಿಡಿ, ಅವುಗಳಲ್ಲಿನ ಸಾರಜನಕ, ಮೆಗ್ನೀಸಿಯಂ ಚಿಗುರಿಗೆ ಹೋಗುತ್ತವೆ. ಹೊಸ ಬೇರಿನ ತುದಿ ಕಾಣುವವರೆಗೆ ಗೊಬ್ಬರ ಬೇಡ. ಆಮೇಲೆ ಒಂದು ವಾರ 19:19:19, ಇನ್ನೊಂದು ವಾರ ಕ್ಯಾಲ್ಸಿಯಂ ನೈಟ್ರೇಟ್, ಎರಡೂ ಲೀಟರಿಗೆ ಅರ್ಧ ಗ್ರಾಂ. ಒಂದೇ ಡಬ್ಬಿಯಲ್ಲಿ ಗಟ್ಟಿಯಾಗಿ ಕಲಸಿದರೆ ಕ್ಯಾಲ್ಸಿಯಂ ರಂಜಕದೊಡನೆ ಸೇರಿ ತಳಕ್ಕಿಳಿಯುತ್ತದೆ.