ಸೆವೆನ್‌ಜಿಪ್ ಹೊಸದು ಹಾಕುವಾಗ "ಪಬ್ಲಿಷರ್ ಅನ್‌ನೋನ್" ಅಂತ ಬರ್ತಿದೆ, ಮುಂದುವರಿಯಬಹುದಾ?

ಡಿಟಿಪಿ_ಶಿರಸಿ:
ಎಲ್ಲರಿಗೂ ನಮಸ್ಕಾರ. ಶಿರಸಿಯಲ್ಲಿ ನಂದೊಂದು ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬ್ಯಾನರ್, ಸೊಸೈಟಿಯ ವಾರ್ಷಿಕ ವರದಿ, ಇಂಥದ್ದೇ ಕೆಲಸ. ಗಿರಾಕಿಗಳು ಫೋಟೊ, ಫಾಂಟ್ ಎಲ್ಲ ಜಿಪ್ ಮಾಡಿ ಮೇಲ್‌ಗೆ ಹಾಕ್ತಾರೆ. ಕೆಲವರದ್ದಂತೂ ಬಿಚ್ಚಿದ್ರೆ ಒಳಗೆ ಇನ್ನೊಂದು ಜಿಪ್. ಅಂಗಡಿ ಕಂಪ್ಯೂಟರಲ್ಲಿ ಅವನ್ನ ಬಿಚ್ಚೋಕೆ ಇರೋದು ಸೆವೆನ್‌ಜಿಪ್ 19.00. ಅದರಲ್ಲಿ ಭದ್ರತೆಯ ತೂತಿದೆ, 24.09ರಲ್ಲಿ ಮುಚ್ಚಿದ್ದಾರೆ ಅಂತ ಓದಿದೆ. ಅಕ್ಕನ ಮಗ ವಾಟ್ಸಾಪ್‌ನಲ್ಲಿ "ಪ್ಯಾಚ್ ಆಗಿರೋ ಸೆಟಪ್" ಅಂತ ಒಂದು ಫೈಲ್ ಕಳಿಸಿದ. ಸೆವೆನ್‌ಜಿಪ್‌ನವರದೇ ತಾಣದಿಂದ ನಾನೂ ಒಂದು ಇಳಿಸಿಕೊಂಡೆ. ಯಾವುದನ್ನ ಒತ್ತಿದ್ರೂ ವಿಂಡೋಸ್‌ನ ಅದೇ ಹಳದಿ ಪಟ್ಟಿ, ಪಬ್ಲಿಷರ್ ಅನ್‌ನೋನ್ (ಯಾರು ಕೊಟ್ಟಿದ್ದು ಗೊತ್ತಿಲ್ಲ). "ನೋ" ಒತ್ತಿ ಹೊರಗೆ ಬಂದೆ. ಅಸಲಿ ಯಾವುದು ಅಂತ ತಿಳಿಯೋದು ಹೇಗೆ?

ಲ್ಯಾಬ್_ಧಾರವಾಡ:
ನಿಂತದ್ದು ಚಲೋ ಆತು. ಆದ್ರ ಈ ಪ್ರೋಗ್ರಾಮಿನ ವಿಷಯದಾಗ ಆ ಹಳದಿ ಪಟ್ಟಿಯಿಂದ ಏನೂ ಗೊತ್ತಾಗಂಗಿಲ್ಲರಿ. ಸೆವೆನ್‌ಜಿಪ್ ಬರಿಯೋ ಇಗೋರ್ ಪಾವ್ಲೋವ್ ತಮ್ಮ ಸೆಟಪ್‌ಗೆ ವಿಂಡೋಸ್ ಕೇಳೋ ಡಿಜಿಟಲ್ ಸಹಿ ಹಾಕಂಗಿಲ್ಲ. ಅಸಲಿಗೂ ಹಳದಿ, ನಕಲಿಗೂ ಹಳದಿ. ಅದೇ ಫೈರ್‌ಫಾಕ್ಸ್, ಲಿಬ್ರೆಆಫೀಸ್ ಹಾಕುವಾಗ ಹಿಂಗ ಬಂತಂದ್ರ ಅಲ್ಲೇ ಡಿಲೀಟ್ ಮಾಡ್ರಿ, ಅವಕ್ಕ ಸಹಿ ಇರತೈತಿ.

ಅಕ್ಕನ ಮಗನ ಫೈಲ್ ಅಳಿಸಿಬಿಡ್ರಿ. ಹುಡುಗನ ಮ್ಯಾಲೆ ಸಂಶಯ ಅಲ್ಲ, ಅಂವಗ ಅದನ್ನ ಯಾರು ಕೊಟ್ರು ಅನ್ನೋದು ನಮಗ ಗೊತ್ತಿಲ್ಲ.

ಸರಳ ದಾರಿ ವಿಂಗೆಟ್, ಅಂದ್ರ ಪ್ರೋಗ್ರಾಮು ಇಳಿಸಿ ಹಾಕಿಕೊಡೋ ವಿಂಡೋಸ್‌ನದೇ ಸಾಧನ. ಪವರ್‌ಶೆಲ್ (ಆಜ್ಞೆ ಹೊಡಿಯೋ ಕಿಟಕಿ) ತೆಗದು ವಿಂಗೆಟ್ ಅಪ್‌ಗ್ರೇಡ್ ಅಂತ ಇಂಗ್ಲಿಷ್‌ನಾಗ ಹೊಡದ್ರ ಹಳೇದಾದ ಪ್ರೋಗ್ರಾಮುಗಳ ಪಟ್ಟಿ ಬರತೈತಿ. ಇಳಿಸಿದ ಫೈಲಿನ ಹ್ಯಾಶ್ (ಫೈಲಿನಿಂದ ಲೆಕ್ಕ ಹಾಕಿ ತೆಗದ, ಬೆರಳಚ್ಚಿನಂಥ ಸಂಖ್ಯೆ) ತನ್ನ ದಾಖಲೆಗೆ ಹೊಂದಲಿಲ್ಲಂದ್ರ ವಿಂಗೆಟ್ ಮುಂದ ಹೋಗಂಗಿಲ್ಲ.

ಕೈಲೆ ಮಾಡೋದಾದ್ರ ಫೈಲ್ ಒಂದು ಕಡೆಯಿಂದ ತಗೋರಿ, ಹ್ಯಾಶ್ ಇನ್ನೊಂದು ಕಡೆ ನೋಡ್ರಿ. ಸೆವೆನ್‌ಜಿಪ್‌ನ ಗಿಟ್‌ಹಬ್ (ಪ್ರೋಗ್ರಾಮು ಬರಿಯೋರು ಕೋಡ್ ಇಡೋ ತಾಣ) ರಿಲೀಸ್ ಪುಟದಾಗ ಫೈಲಿನ ಬಾಜೂಕ ಶಾ-256 ಅನ್ನೋ ನಮೂನಿಯ ಹ್ಯಾಶ್ ತೋರಿಸ್ತಾರ. ನಿಮ್ಮ ಕಡೆ ಇರೋ ಹಳೇ ಸೆವೆನ್‌ಜಿಪ್‌ನಾಗೂ ಲೆಕ್ಕ ಸಿಗತೈತಿ: ಫೈಲ್ ಮ್ಯಾಲೆ ರೈಟ್ ಕ್ಲಿಕ್, ಸಿಆರ್‌ಸಿ ಶಾ, ಶಾ-256. ಎರಡನ್ನೂ ನೋಟ್‌ಪ್ಯಾಡಿನಾಗ ಒಂದರ ಕೆಳಗೊಂದು ಹಾಕಿ 64 ಅಕ್ಷರ ಪೂರಾ ನೋಡ್ರಿ, ಮೊದಲಿನ ನಾಕು ಕಡೀ ನಾಕು ನೋಡಿ ಏಳಬ್ಯಾಡ್ರಿ.

ಎರಡು ಕಡೆ ಯಾಕಂದ್ರ, 2016ರ ಫೆಬ್ರುವರಿಯಾಗ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮಿನ ತಾಣಕ್ಕ ನುಗ್ಗಿದವರು ಡೌನ್‌ಲೋಡ್ ಲಿಂಕ್ ತಿರುಗಿಸಿ, ಹಿಂಬಾಗಿಲು (ಗುಟ್ಟಾಗಿ ಒಳಗ ಬರೋ ದಾರಿ) ಇಟ್ಟಿದ್ದ 17.3 ಸಿನಮನ್ ಆವೃತ್ತಿಯ ಐಎಸ್‌ಒ (ಇನ್‌ಸ್ಟಾಲ್ ಮಾಡೋ ಫೈಲ್) ಹಂಚಿದ್ರು. ಲಿಂಕ್ ಬದಲಿ ಮಾಡಾಂವಗ ಪಕ್ಕದಾಗಿನ ಹ್ಯಾಶ್ ಬದಲಿ ಮಾಡೋದು ಎಷ್ಟೊತ್ತಿನ ಕೆಲಸ?

24.09ಕ್ಕ ನಿಲ್ಲಬ್ಯಾಡ್ರಿ. 2025ರಾಗ ಬಂದ 25.00, 25.01 ಎರಡೂ ಸಿಂಬಾಲಿಕ್ ಲಿಂಕಿನ (ಬ್ಯಾರೆ ಫೈಲಿಗೆ ಬೊಟ್ಟು ಮಾಡೋ ಕೊಂಡಿ) ತೂತು ಮುಚ್ಚಿದಾವ. ಅಲ್ಲಿ ಯಾವುದು ಹೊಸಾದು ಐತಿ ಅದನ್ನ ಹಾಕ್ರಿ. ಇದು ತಾನ ಅಪ್‌ಡೇಟ್ ಆಗಂಗಿಲ್ಲ, ಮುಂದೂ ನೀವೇ ನೋಡ್ಕೋಬೇಕು.

ಇಷ್ಟಕ್ಕ ಮುಗೀಲಿಲ್ಲ. ನೆಟ್‌ನಿಂದ ಬಂದ ಫೈಲಿಗೆ ವಿಂಡೋಸ್ ಒಂದು ಗುರುತು ಅಂಟಿಸ್ತೈತಿ, ಅದನ್ನ ನೋಡೇ "ಇದು ನೆಟ್‌ನಿಂದ ಬಂದದ್ದು" ಅಂತ ಎಚ್ಚರಿಕೆ ಕೊಡೋದು (ಮ್ಯಾಲಿನ ಹಳದಿ ಪಟ್ಟಿ ಬ್ಯಾರೆ). ಜಿಪ್ ಬಿಚ್ಚಿದಾಗ ಒಳಗಿನ ಫೈಲಿಗೂ ಆ ಗುರುತು ದಾಟಬೇಕು. ನಿಮ್ಮ 19.00ಕ್ಕ ಅದನ್ನ ದಾಟಿಸೋದೇ ಗೊತ್ತಿಲ್ಲ, ಆ ಸೌಲಭ್ಯ ಬಂದದ್ದು 2022ರ 22.00ದಾಗ. ನೀವು ಓದಿದ ತೂತು (ತೂತುಗಳ ಪಟ್ಟಿಯಾಗ ಅದರ ನಂಬರ್ ಸಿವಿಇ-2025-0411) ಅಂದ್ರ ಜಿಪ್ ಒಳಗ ಜಿಪ್ ಇದ್ದಾಗ ಗುರುತು ಕಳಚಿ ಹೋಗೋದು, ಥೇಟ್ ನಿಮ್ಮ ಗಿರಾಕಿಗಳು ಕಳಸೋ ನಮೂನಿ. ಸರಿಮಾಡಿದ ಮ್ಯಾಲೂ ಗುರುತು ದಾಟಿಸೋ ಸೌಲಭ್ಯ ತಾನಾಗಿ ಆನ್ ಇರಂಗಿಲ್ಲ. ಟೂಲ್ಸ್, ಆಪ್ಷನ್ಸ್, 7-ಜಿಪ್ ಟ್ಯಾಬಿಗೆ ಹೋಗಿ "ಪ್ರಾಪಗೇಟ್ ಝೋನ್.ಐಡಿ ಸ್ಟ್ರೀಮ್" ಅನ್ನೋದನ್ನ "ಯೆಸ್" ಮಾಡ್ರಿ.

ಉಬುಂಟು_ಮೈಸೂರು:
ವಿಂಡೋಸ್‌ಗೆ ಮೇಲಿನ ಉತ್ತರ ಸರಿ. ಆದರೆ "ಹೊಸದೇ ಹಾಕಿ" ಅನ್ನೋದನ್ನ ಲಿನಕ್ಸ್‌ನವರು ಓದಿಕೊಂಡು ಕೈಯಾರೆ ಕಂಪೈಲ್ ಮಾಡೋಕೆ (ಕೋಡ್‌ನಿಂದ ಪ್ರೋಗ್ರಾಮ್ ಕಟ್ಟೋಕೆ) ಕೂರಬೇಡಿ. ಡೆಬಿಯನ್ 12ರಲ್ಲಿ (ಅದೂ ಒಂದು ಲಿನಕ್ಸ್) ದೂರದಿಂದ ಲಾಗಿನ್ ಆಗೋ ಪ್ರೋಗ್ರಾಮ್ ಓಪನ್‌ಎಸ್‌ಎಸ್‌ಎಚ್ 9.2 ಅಂತಲೇ ಕಾಣುತ್ತೆ, ಅಯ್ಯೋ ಹಳೇದು ಅನ್ಸುತ್ತೆ. ಆವೃತ್ತಿ ಸಂಖ್ಯೆಯ ಬಾಲದಲ್ಲಿ ಡೆಬ್12ಯು3 ಅಥವಾ ಅದಕ್ಕಿಂತ ಮುಂದಿನದ್ದು ಇದ್ದರೆ 2024ರ ಜುಲೈನಲ್ಲಿ ಅದರಲ್ಲಿ ಸಿಕ್ಕ "ರೆಗ್ರೆಶನ್" ಅನ್ನೋ ತೂತು ಮುಚ್ಚಿದೆ ಅಂತ. ಡೆಬಿಯನ್‌ನವರು ಹಳೇ ಆವೃತ್ತಿಗೇ ತೇಪೆ ಹಾಕಿ ಕೊಡ್ತಾರೆ.

ಇನ್ನೊಂದು: ಸಹಿ ಹೊಂದಿದರೆ ಇಂಥವರು ಕೊಟ್ಟಿದ್ದು ಅಂತ ಮಾತ್ರ ಗೊತ್ತಾಗುತ್ತೆ. 2024ರಲ್ಲಿ ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸೋ ಸಾಧನ ಎಕ್ಸ್‌ಜೆಡ್‌ನ 5.6.0, 5.6.1ರಲ್ಲಿ ಹಿಂಬಾಗಿಲು ಇಟ್ಟಿದ್ದು ನಿರ್ವಾಹಕರ ಸಾಲಿನಲ್ಲೇ ಇದ್ದ ವ್ಯಕ್ತಿ, ಸಹಿಯೂ ಅವನದೇ. ಲಾಗಿನ್ ಅರ್ಧ ಸೆಕೆಂಡ್ ತಡ ಆಗ್ತಿದೆಯಲ್ಲ ಅಂತ ಆಂಡ್ರೆಸ್ ಫ್ರಾಯಿಂಡ್ ಅನ್ನೋ ಪ್ರೋಗ್ರಾಮರ್ ಬೆನ್ನು ಹತ್ತಿದ್ದಕ್ಕೆ ಸಿಕ್ಕಿಬಿತ್ತು. ಡೆಬಿಯನ್ ಸ್ಟೇಬಲ್‌ನಲ್ಲಿ (ಪರೀಕ್ಷೆ ಮುಗಿಸಿ ಕೊಡೋ ಆವೃತ್ತಿ) ಇದ್ದವರಿಗೆ ಅದು ತಲುಪಿರಲೇ ಇಲ್ಲ.

ಲ್ಯಾಬ್_ಧಾರವಾಡ:
ಖರೆ ಐತಿ. ಆದ್ರ ವಿಂಡೋಸ್‌ನಾಗ ಸೆವೆನ್‌ಜಿಪ್‌ಗೆ ತೇಪೆ ಹಾಕಿ ಕೊಡೋ ಡೆಬಿಯನ್ ಯಾರೂ ಇಲ್ಲಲ್ರಿ. ಅಲ್ಲಿ ಹೊಸಾದೇ ಗತಿ.

ಡಿಟಿಪಿ_ಶಿರಸಿ:
ಕೈಲಿ ಮಾಡೋ ದಾರಿಯನ್ನೇ ಹಿಡಿದೆ. ಹ್ಯಾಶ್ ಪೂರ್ತಿ ಹೊಂದಿತು, ಹಾಕಿಯೂ ಆಯ್ತು. ಆದ್ರೆ ಡೆಸ್ಕ್‌ಟಾಪಿನ ಐಕಾನ್ ಒತ್ತಿ ಅಬೌಟ್ ನೋಡಿದ್ರೆ ಇನ್ನೂ 19.00 ಅಂತಲೇ ಇದೆಯಲ್ಲ ಮಾರಾಯ್ರೆ!

ಲ್ಯಾಬ್_ಧಾರವಾಡ:
ಹಳೇದು 32 ಬಿಟ್ ಇರಬೇಕು, ಹೊಸಾದು 64. ಎರಡೂ ಬ್ಯಾರೆ ಬ್ಯಾರೆ ಫೋಲ್ಡರಿನಾಗ ಕುಂತಾವ, ನಿಮ್ಮ ಐಕಾನ್ ಹಳೇದಕ್ಕೇ ಹೊಂಟೈತಿ. ಪ್ರೋಗ್ರಾಮ್ ಫೈಲ್ಸ್ ಎಕ್ಸ್86 ಒಳಗ ನೋಡ್ರಿ, ಅಲ್ಲಿ ಇದ್ರ ಕಂಟ್ರೋಲ್ ಪ್ಯಾನೆಲ್‌ನಿಂದ 19.00 ತಗೀರಿ. ಆಮ್ಯಾಲೆ ರೈಟ್ ಕ್ಲಿಕ್ ಮೆನು ಮಾಯ ಆದ್ರ ಹೊಸಾ ಸೆಟಪ್ ಮತ್ತೊಮ್ಮೆ ಓಡಿಸ್ರಿ.