ಮಗಳಿಗೆ ಹದಿನೆಂಟು ತುಂಬಿದ ಮೇಲೆ ಜೀವನಾಂಶ ನಿಂತಿದೆ: ವಸೂಲಿ ಹೇಗೆ?

ಪ್ರಶ್ನೆ (ಡೊಂಬಿವಲಿಯ ಸದಸ್ಯೆ): ಬಾಂದ್ರಾದ ಕೌಟುಂಬಿಕ ನ್ಯಾಯಾಲಯದಲ್ಲಿ, ಹಿಂದೂ ವಿವಾಹ ಕಾಯ್ದೆಯಡಿ, ಪರಸ್ಪರ ಒಪ್ಪಿಗೆಯಿಂದ ನಮ್ಮ ವಿಚ್ಛೇದನವಾಗಿದೆ. ಮಗಳ ಪದವಿ ಮುಗಿಯುವವರೆಗೆ ತಿಂಗಳ ಜೀವನಾಂಶವನ್ನೂ ಕಾಲೇಜು ಶುಲ್ಕದ ಅರ್ಧವನ್ನೂ ಕೊಡುವುದಾಗಿ ಅವಳ ತಂದೆ ಒಪ್ಪಂದದ ಷರತ್ತುಗಳಲ್ಲಿ ಬರೆದುಕೊಟ್ಟಿದ್ದರು. ಮಗಳು ಈಗ ಪುಣೆಯಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಳೆ. ಅವಳಿಗೆ ಹದಿನೆಂಟು ತುಂಬಿದಂದಿನಿಂದ ಹಣ ಬಂದಿಲ್ಲ. ಪ್ರಾಯಕ್ಕೆ ಬಂದವಳಿಗೆ ಕೊಡಬೇಕೆಂಬ ಕಾನೂನಿಲ್ಲ ಎನ್ನುತ್ತಾರೆ. ಅವರು ಬೆಂಗಳೂರಿನ ಖಾಸಗಿ ಕಂಪನಿಯೊಂದರಲ್ಲಿದ್ದಾರೆ. ನಾನು ಹೊಸದಾಗಿ ದಾವೆ ಹೂಡಬೇಕೇ?

ಉತ್ತರ (ವಕೀಲರು): ಹೊಸ ದಾವೆ ಬೇಡ. ಮೊದಲು ನಿಮ್ಮ ಡಿಕ್ರಿಯ (ನ್ಯಾಯಾಲಯದ ಅಂತಿಮ ಆದೇಶದ) ದೃಢೀಕೃತ ಪ್ರತಿಯನ್ನು ತೆಗೆಸಿ, ಆ ಷರತ್ತುಗಳು ಡಿಕ್ರಿಯ ಭಾಗವೆಂದು ಅದರಲ್ಲಿ ದಾಖಲಾಗಿದೆಯೇ ಎಂದು ನೋಡಿಕೊಳ್ಳಿ. ದಾಖಲಾಗಿದ್ದರೆ ಹದಿನೆಂಟು ತುಂಬಿತೆಂಬ ವಾದಕ್ಕೆ ಇಲ್ಲಿ ಹೆಚ್ಚಿನ ಬಲವಿಲ್ಲ. ಅವರು ಒಪ್ಪಿ ಸಹಿ ಹಾಕಿದ ಅವಧಿ ಪದವಿ ಮುಗಿಯುವವರೆಗಿನದು; ಅದನ್ನು ಜಾರಿಗೊಳಿಸುವುದಷ್ಟೇ ನಿಮ್ಮ ಕೆಲಸ.

ಹಿಂದೂ ವಿವಾಹ ಕಾಯ್ದೆಯ 28ಎ ಕಲಮು ಮತ್ತು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 18ನೇ ಕಲಮಿನ ಪ್ರಕಾರ ಇಂಥ ಡಿಕ್ರಿಯನ್ನು ಸಿವಿಲ್ ಡಿಕ್ರಿಯಂತೆಯೇ ಜಾರಿ ಮಾಡಿಸಬಹುದು. ಜೀವನಾಂಶದ ಆದೇಶಗಳು ಬರೀ ಕಾಗದದಲ್ಲಿ ಉಳಿಯಬಾರದೆಂದು ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2020ರ ನವೆಂಬರ್‌ನಲ್ಲಿ ಈ ದಾರಿಗಳನ್ನೇ ಎತ್ತಿ ಹೇಳಿದೆ. ಬಾಂದ್ರಾದಲ್ಲಿ ಅಮಲ್ಜಾರಿ (ಡಿಕ್ರಿ ಜಾರಿ ಮಾಡಿಸುವ) ಅರ್ಜಿ ಹಾಕುವಾಗ ತಿಂಗಳುವಾರು ಬಾಕಿಯ ಪಟ್ಟಿ, ನಿಮ್ಮ ಬ್ಯಾಂಕ್ ಖಾತೆಯ ವಿವರ, ಕಾಲೇಜಿನ ಶುಲ್ಕದ ರಸೀದಿಗಳು, ಅವಳು ವಿದ್ಯಾರ್ಥಿನಿಯೆಂಬ ಪ್ರಮಾಣಪತ್ರ ಇವೆಲ್ಲ ಜೊತೆಗಿರಲಿ. ಮಗಳು ವಯಸ್ಕಳಾದ್ದರಿಂದ ಅವಳ ಪ್ರಮಾಣಪತ್ರಿಕೆಯನ್ನೂ (ಅಫಿಡವಿಟ್) ಲಗತ್ತಿಸಿದರೆ, ತಾಯಿಗೆ ಕೇಳುವ ಹಕ್ಕಿಲ್ಲ ಎಂಬ ಆಕ್ಷೇಪಕ್ಕೆ ಆಗಲೇ ಉತ್ತರ ಸಿಕ್ಕಂತಾಗುತ್ತದೆ.

ನಿಮ್ಮ ಪ್ರಕರಣದ ನಿಜವಾದ ತೊಡಕಿರುವುದು ಬೆಂಗಳೂರಿನಲ್ಲಿ. ಖಾಸಗಿ ನೌಕರನ ಸಂಬಳವನ್ನು ಜಪ್ತಿ ಮಾಡಲು, ಸಂಬಳ ಬಟವಾಡೆ ಮಾಡುವ ಅಧಿಕಾರಿ ಆ ನ್ಯಾಯಾಲಯದ ವ್ಯಾಪ್ತಿಯೊಳಗೆ ಇರಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 21ನೇ ಆದೇಶದ 48ಎ ನಿಯಮ ಹೇಳುತ್ತದೆ. ಆದ್ದರಿಂದ ಅವರು ಎಲ್ಲಿ ಕುಳಿತು ಕೆಲಸ ಮಾಡುತ್ತಾರೆ ಎನ್ನುವುದಕ್ಕಿಂತ ಸಂಬಳ ಯಾವ ಊರಿನ ಕಚೇರಿಯಿಂದ ಬಟವಾಡೆಯಾಗುತ್ತದೆ ಎನ್ನುವುದನ್ನು ಮೊದಲು ವಿಚಾರಿಸಿ. ಅದು ಮುಂಬೈಯ ಕಚೇರಿಯಾಗಿದ್ದರೆ ಬಾಂದ್ರಾದಿಂದಲೇ ಆದೇಶ ಹೋಗಬಹುದು. ಬೆಂಗಳೂರಿನದಾದರೆ ಅದೇ ಸಂಹಿತೆಯ 39ನೇ ಕಲಮಿನಡಿ ಡಿಕ್ರಿಯನ್ನು ಅಲ್ಲಿಗೆ ವರ್ಗಾಯಿಸುವಂತೆ ಕೇಳಬೇಕು. ಸಾಮಾನ್ಯ ಸಾಲದ ವಸೂಲಿಗೆ ಹೋಲಿಸಿದರೆ ಇಲ್ಲಿ ಕಾನೂನು ನಿಮ್ಮ ಕಡೆಗೆ ಹೆಚ್ಚು ಉದಾರವಾಗಿದೆ: 60ನೇ ಕಲಮಿನಂತೆ ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೆಯ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದದ್ದು ಜಪ್ತಿಗೆ ಒಳಪಡುತ್ತದೆ. ಆಸ್ತಿಯ ವಿವರ ಮುಚ್ಚಿಟ್ಟಿದ್ದಾರೆಂಬ ಸಂಶಯವಿದ್ದರೆ 21ನೇ ಆದೇಶದ 41ನೇ ನಿಯಮದಡಿ ಪ್ರಮಾಣಪತ್ರಿಕೆ ಕೇಳಿಸಿ. ಆ ಪ್ರಮಾಣಪತ್ರಿಕೆ ಕೊಡಲು ನಿರಾಕರಿಸಿದವರಿಗೆ ಮೂರು ತಿಂಗಳವರೆಗೆ ಸಿವಿಲ್ ಬಂಧನವಾಗಬಹುದು.

ಖರ್ಚಿನ ಭಯದಿಂದ ಎಷ್ಟೋ ತಾಯಂದಿರು ಹಿಂದೆ ಸರಿಯುವುದನ್ನು ನೋಡಿ ನನಗೆ ನೋವಾಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಪ್ರಾಧಿಕಾರದ ಕಚೇರಿಯಲ್ಲಿ ಅರ್ಜಿ ಕೊಡಿ.

ಮರುಪ್ರಶ್ನೆ (ಅದೇ ಸದಸ್ಯೆ): ಷರತ್ತುಗಳು ಡಿಕ್ರಿಯಲ್ಲಿ ಸೇರಿಲ್ಲವೆಂದಾದರೆ?

ಉತ್ತರ: ಆಗ ಮಗಳ ಸ್ವಂತ ಹಕ್ಕೇ ಆಧಾರ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20(3)ನೇ ಕಲಮು, ತನ್ನ ದುಡಿಮೆ ಅಥವಾ ಆಸ್ತಿಯಿಂದ ಬದುಕಲಾಗದ ಅವಿವಾಹಿತ ಮಗಳನ್ನು ಪೋಷಿಸುವ ಹೊಣೆಯನ್ನು ತಂದೆ ತಾಯಿಯರಿಗೆ ಹೊರಿಸಿದೆ, ಅದಕ್ಕೆ ಹದಿನೆಂಟರ ಗಡಿಯಿಲ್ಲ. 2020ರ ಅಭಿಲಾಷಾ ವಿರುದ್ಧ ಪ್ರಕಾಶ್ ತೀರ್ಪು ಇದನ್ನು ಸ್ಪಷ್ಟಪಡಿಸಿದೆ. ಆ ಕಾಯ್ದೆಯಲ್ಲಿ ಜೀವನಾಂಶವೆಂದರೆ ಊಟ, ಬಟ್ಟೆ, ವಸತಿಯ ಜೊತೆಗೆ ವಿದ್ಯಾಭ್ಯಾಸವೂ ಸೇರುತ್ತದೆ. ಅರ್ಜಿದಾರಳು ಮಗಳೇ ಆಗಿರಲಿ. ನಿಮ್ಮ ಆದಾಯವನ್ನೂ ನ್ಯಾಯಾಲಯ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಅದನ್ನು ಮರೆಮಾಚದೆ ಹೇಳಿಬಿಡಿ.

ಮತ್ತೊಂದು ಪ್ರಶ್ನೆ (ಮೀರಾ ರೋಡಿನ ಸದಸ್ಯರು): ನನ್ನ ತಂಗಿಯ ಮಗನಿಗೆ ಹದಿನೇಳು. ಆದೇಶದಲ್ಲಿ "ಪ್ರಾಯಕ್ಕೆ ಬರುವವರೆಗೆ" ಎಂದಷ್ಟೇ ಇದೆ. ಅವನು ಮುಂದೆ ಬಿ.ಕಾಂ. ಓದಬೇಕೆಂದಿದ್ದಾನೆ.

ಉತ್ತರ: ಗಂಡುಮಕ್ಕಳ ವಿಷಯದಲ್ಲಿ ಕಾನೂನು ಇಷ್ಟು ಉದಾರವಾಗಿಲ್ಲ. ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಕಲಮಿನ ರಕ್ಷಣೆ ಮಗನಿಗೆ ಪ್ರಾಯಕ್ಕೆ ಬರುವವರೆಗೆ ಮಾತ್ರ. ವಿವಾಹ ಕಾಯ್ದೆಯ 26ನೇ ಕಲಮೂ ಅಪ್ರಾಪ್ತ ಮಕ್ಕಳನ್ನೇ ಕುರಿತದ್ದು. ಆದರೂ ಇಂದಿನ ದಿನಗಳಲ್ಲಿ ಹದಿನೆಂಟಕ್ಕೆ ನೆರವು ನಿಲ್ಲಿಸುವುದು ಸಾಲದೆಂದು ಕಂಡು, ಕರ್ನಾಟಕದ ಪ್ರಕರಣವೊಂದರಲ್ಲಿ 2021ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಗನಿಗೆ ಮೊದಲ ಪದವಿ ಮುಗಿಯುವವರೆಗೆ ಹಣ ಕೊಡುವಂತೆ ತಂದೆಗೆ ಆದೇಶಿಸಿದೆ. ಇದು ವಾದಕ್ಕೆ ಒಳ್ಳೆಯ ಆಸರೆ, ಆದರೆ ಗೆಲುವಿನ ಭರವಸೆಯಲ್ಲ. ಆದ್ದರಿಂದ ಅವನಿಗೆ ಹದಿನೆಂಟು ತುಂಬುವ ಮೊದಲೇ, ಆದೇಶದ ಅವಧಿಯನ್ನು ವಿಸ್ತರಿಸುವಂತೆ 26ನೇ ಕಲಮಿನಡಿ ಅರ್ಜಿ ಹಾಕಿಸಿ. ಕೌಟುಂಬಿಕ ನ್ಯಾಯಾಲಯದ ಸಮಾಲೋಚಕರ ಮುಂದೆ ತಂದೆ ಒಪ್ಪಿದರೆ ಇನ್ನೂ ಒಳ್ಳೆಯದು, ಆದರೆ ಆ ಒಪ್ಪಿಗೆ ಬಾಯಿಮಾತಿನಲ್ಲಿ ಉಳಿಯದೆ, ಕಾಲೇಜಿನ ಯಾವ ವೆಚ್ಚ, ಎಷ್ಟು ಪಾಲು, ಯಾವ ತಾರೀಕಿನೊಳಗೆ ಎಂಬುದರೊಂದಿಗೆ ನ್ಯಾಯಾಲಯದ ಆದೇಶದಲ್ಲಿ ದಾಖಲಾಗಬೇಕು.

ಇಬ್ಬರಿಗೂ ಒಂದು ಮಾತು: ಸಿವಿಲ್ ಡಿಕ್ರಿಯ ಜಾರಿಗೆ ಪ್ರತಿ ಬಾಕಿಯ ದಿನಾಂಕದಿಂದ 12 ವರ್ಷಗಳ ಕಾಲಾವಕಾಶವಿದೆ. ಆದರೆ ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನಡಿ ಆದೇಶ ಪಡೆದಿದ್ದರೆ, ಬಾಕಿ ಬಿದ್ದ ಒಂದು ವರ್ಷದೊಳಗೆ ವಸೂಲಿ ವಾರಂಟಿಗೆ ಅರ್ಜಿ ಹಾಕಬೇಕು. ನಿಮ್ಮ ಆದೇಶ ಯಾವುದೆಂದು ಈ ವಾರವೇ ನೋಡಿ.